ಪರೀಕ್ಷಾ ಕೇಂದ್ರದ ಹೆಬ್ಬೆಟ್ಟು ಯಂತ್ರ: ಯಾರನ್ನು ತಡೆಯುತ್ತದೆ, ಯಾರನ್ನು ಕಾಡುತ್ತದೆ

ನೀಟ್, ಜೆಇಇ ಮೇನ್, ಬ್ಯಾಂಕ್ ನೇಮಕಾತಿ, ಯಾವುದೇ ಇರಲಿ, ದೊಡ್ಡ ಪರೀಕ್ಷೆಗಳ ಗೇಟಿನಲ್ಲಿ ಈಗ ಮೂರು ಬಗೆಯ ಗುರುತು ತಪಾಸಣೆ ಕಾಣಸಿಗುತ್ತದೆ: ಒಂದು ಬೆರಳಿನ ಸ್ಕ್ಯಾನರ್, ಕಣ್ಣಿನ ಐರಿಸ್ ಸ್ಕ್ಯಾನರ್, ಮೊಬೈಲಿನಲ್ಲಿ ಓಡುವ ಮುಖ ಗುರುತಿನ ಆ್ಯಪ್. ಇವನ್ನು ಆಪರೇಟರ್ ಸಮೇತ ಬಾಡಿಗೆಗೆ ಕೊಡುವ ಕಂಪನಿಗಳೂ ಇವೆ. ತಮ್ಮ ಪರೀಕ್ಷೆಗೂ ಒಂದು ಸೆಟ್ ತರಿಸೋಣ ಎಂದುಕೊಂಡಿರುವ ಪಿಯು ಕಾಲೇಜು, ಶಿಕ್ಷಣ ಸಂಸ್ಥೆ, ವಿಶ್ವವಿದ್ಯಾಲಯದವರು ಕರಾರಿಗೆ ಸಹಿ ಹಾಕುವ ಮೊದಲು ತಿಳಿದಿರಬೇಕಾದದ್ದು ಇಲ್ಲಿದೆ. ಯಂತ್ರದ ಗುಣಮಟ್ಟದಷ್ಟೇ ಮುಖ್ಯವಾದದ್ದು ಅದರಲ್ಲಿ ಬೆರಳು ಬೀಳದ, ಅಂದರೆ ಬೆರಳಚ್ಚನ್ನು ಯಂತ್ರ ಓದಲಾಗದ ಮಗುವಿಗೆ ಏನಾಗುತ್ತದೆ ಎಂಬುದು. ಈ ವಿಮರ್ಶೆ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡುತ್ತದೆ.

ಮೊದಲು ಕೆಲಸ ಯಾವುದು ಎಂದು ಗೊತ್ತು ಮಾಡಿಕೊಳ್ಳಿ. ಬಯೋಮೆಟ್ರಿಕ್, ಅಂದರೆ ಬೆರಳು, ಕಣ್ಣು, ಮುಖದಿಂದ ಗುರುತು ಹಿಡಿಯುವ ವ್ಯವಸ್ಥೆ, ತಡೆಯುವುದು ಒಂದೇ ಅಕ್ರಮವನ್ನು: ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಬರೆಯುವುದು. 2024ರ ನೀಟ್‌ನಲ್ಲಿ ಹಜಾರಿಬಾಗ್ ಮತ್ತು ಪಟ್ನಾದಲ್ಲಿ ಪ್ರಶ್ನೆಪತ್ರಿಕೆ ಸೋರಿದ್ದನ್ನು ಯಾವ ಬೆರಳಚ್ಚೂ ತಡೆಯುತ್ತಿರಲಿಲ್ಲ. ನಮ್ಮಲ್ಲಿ 2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯಲ್ಲಿ ಪರೀಕ್ಷೆ ಮುಗಿದ ಮೇಲೆ ಒಎಂಆರ್ ಹಾಳೆ (ಗುಂಡಿ ತುಂಬುವ ಉತ್ತರಪತ್ರಿಕೆ) ತಿದ್ದಿದ ಆರೋಪ ಬಂತು, ಇಡೀ ಪರೀಕ್ಷೆ ರದ್ದಾಯಿತು. ಅಲ್ಲಿ ಒಳಗೆ ಕೂತವರು ನಿಜವಾದ ಅಭ್ಯರ್ಥಿಗಳೇ. 2023ರಲ್ಲಿ ಕಲಬುರಗಿ, ಯಾದಗಿರಿ ಕಡೆ ಸಿಕ್ಕಿಬಿದ್ದ, ಬ್ಲೂಟೂತ್ ಸಾಧನದಲ್ಲಿ ಉತ್ತರ ಕೇಳಿ ಬರೆದ ನೇಮಕಾತಿ ಪರೀಕ್ಷೆಯ ಪ್ರಕರಣವೂ ಅಂಥದ್ದೇ.

ಎಸ್ಸೆಸ್ಸೆಲ್ಸಿಯ ರೋಗ ಬೇರೆ, ಅದು ಸಾಮೂಹಿಕ ನಕಲು. ಅದಕ್ಕೆ ಮದ್ದಾಗಿ 2024ರಲ್ಲಿ ಬಂದದ್ದು ಹೆಬ್ಬೆಟ್ಟು ಯಂತ್ರ ಅಲ್ಲ, ವೆಬ್‌ಕಾಸ್ಟಿಂಗ್, ಅಂದರೆ ಕೊಠಡಿಯ ಕ್ಯಾಮೆರಾ ದೃಶ್ಯವನ್ನು ದೂರದಿಂದ ನೇರವಾಗಿ ನೋಡುವುದು. ಆ ವರ್ಷ ಫಲಿತಾಂಶ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ತರಗತಿಯ ಮಕ್ಕಳನ್ನು ಹೆಸರು ಹಿಡಿದು ಗುರುತಿಸುವ ಶಿಕ್ಷಕರು ಇರುವಲ್ಲಿ ಬೆರಳಚ್ಚು ಯಂತ್ರಕ್ಕೆ ಹಣ ಸುರಿಯುವುದು ದುಂದು. ಅಭ್ಯರ್ಥಿಯ ಮುಖ ಯಾರಿಗೂ ಪರಿಚಯವಿಲ್ಲದ, ಊರೂರು ಬದಲಾಗುವ, ಸೀಟಿನ ಬೆಲೆ ಕೋಟಿ ಮುಟ್ಟುವ ಪರೀಕ್ಷೆಗಳಲ್ಲಿ ಮಾತ್ರ ಅದಕ್ಕೆ ಅರ್ಥ.

ಅಲ್ಲಿಯೂ ಬಹಳ ಕಡೆ ಯಂತ್ರ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಗೇಟಿನಲ್ಲಿ ಬೆರಳಚ್ಚು ತೆಗೆದುಕೊಳ್ಳುತ್ತಾರೆ ಸರಿ, ಯಾವುದರ ಜೊತೆ ತಾಳೆ ನೋಡುತ್ತಾರೆ? ಅರ್ಜಿ ಹಾಕುವಾಗ ಬೆರಳಚ್ಚನ್ನೇ ಪಡೆಯದಿದ್ದರೆ ಗೇಟಿನಲ್ಲಿ ಹೋಲಿಸಲು ಏನೂ ಇರುವುದಿಲ್ಲ. ಆಗ ಯಂತ್ರ ಮಾಡುವುದು ತಾಳೆ ಅಲ್ಲ, ದಾಖಲೆ. ಆ ದಾಖಲೆಗೆ ಬೆಲೆ ಬರುವುದು ಸೀಟು ಕೊಡುವ ದಿನ ಅದೇ ಬೆರಳನ್ನು ಮತ್ತೆ ಇಡಿಸಿದಾಗ. 2019ರಲ್ಲಿ ತಮಿಳುನಾಡಿನ ಥೇಣಿ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ನೀಟ್ ಅನ್ನು ಬೇರೆಯವರಿಂದ ಬರೆಸಿ ಸೇರಿದ್ದ ಪ್ರಕರಣ ಬಯಲಾದದ್ದು ಯಾವ ಯಂತ್ರದಿಂದಲೂ ಅಲ್ಲ, ಕಾಲೇಜಿಗೆ ಬಂದ ಒಂದು ಇಮೇಲ್ ದೂರಿನಿಂದ. ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ವ್ಯತ್ಯಾಸ ಕಂಡಿತು. ಹಾಗಾಗಿ ಸೇವೆ ಕೊಡುವ ಕಂಪನಿಗೆ ಕೇಳಬೇಕಾದ ಮೊದಲ ಪ್ರಶ್ನೆ: ಅರ್ಜಿ, ಪರೀಕ್ಷಾ ಕೊಠಡಿ, ದಾಖಲಾತಿ, ಈ ಮೂರೂ ಕಡೆ ಒಂದೇ ಬೆರಳು ಅಥವಾ ಒಂದೇ ಮುಖವನ್ನು ಜೋಡಿಸುತ್ತೀರಾ? ಇಲ್ಲ ಎಂದರೆ ಮಾತುಕತೆ ಅಲ್ಲಿಗೇ ನಿಲ್ಲಿಸಬಹುದು.

ಈಗ ಬೆರಳಿನ ಸ್ಕ್ಯಾನರ್. ಹೆಚ್ಚಾಗಿ ಬಳಕೆಯಲ್ಲಿರುವುದು ಯುಎಸ್‌ಬಿಗೆ ಚುಚ್ಚುವ ಆಪ್ಟಿಕಲ್ (ಬೆಳಕಿನಿಂದ ಚಿತ್ರ ತೆಗೆಯುವ) ಸಾಧನ, 500 ಡಿಪಿಐ, ಅಂದರೆ ಇಂಚಿಗೆ 500 ಚುಕ್ಕಿ. ಕೆಳಗಿನಿಂದ ಬೆಳಕು ಗಾಜಿಗೆ ಬೀಳುತ್ತದೆ. ಚರ್ಮದ ಏಣುಗಳು ಗಾಜಿಗೆ ಅಂಟಿದ ಕಡೆ ಬೆಳಕು ಚದುರುತ್ತದೆ, ಏಣುಗಳ ನಡುವಿನ ತಗ್ಗಿನಲ್ಲಿ ಪ್ರತಿಫಲಿಸುತ್ತದೆ. ಈ ವ್ಯತ್ಯಾಸವೇ ಚಿತ್ರ. ಅದರ ಬಹುತೇಕ ತೊಂದರೆಗಳೂ ಇಲ್ಲಿಂದಲೇ ಹುಟ್ಟುತ್ತವೆ. ಒಣಚರ್ಮ ಗಾಜಿಗೆ ಸರಿಯಾಗಿ ಅಂಟುವುದಿಲ್ಲ, ಗೆರೆಗಳು ತುಂಡುತುಂಡಾಗಿ ಬರುತ್ತವೆ. ಬೆವರಿದ ಕೈಯಲ್ಲಿ ತಗ್ಗುಗಳೂ ತುಂಬಿಕೊಂಡು ಇಡೀ ಬೆರಳು ಕಪ್ಪು ಮುದ್ದೆಯಾಗುತ್ತದೆ. ಹಿಂದಿನ ಅಭ್ಯರ್ಥಿಯ ಎಣ್ಣೆಜಿಡ್ಡು ಗಾಜಿನ ಮೇಲೆ ಉಳಿದರೆ ಎರಡು ಬೆರಳಿನ ಗುರುತು ಒಂದರ ಮೇಲೊಂದು ಕಾಣುತ್ತದೆ. ಮೇಜನ್ನು ಗೇಟಿನ ಬಿಸಿಲಿಗೆ ಹಾಕಿದರೆ ಹೊರಗಿನ ಬೆಳಕು ಸೆನ್ಸರಿಗೆ ನುಗ್ಗಿ ಚಿತ್ರ ಬೆಳ್ಳಗಾಗುತ್ತದೆ. ಮದರಂಗಿ ಹಚ್ಚಿದ ಕೈಯೂ ತೊಂದರೆ ಕೊಡಬಹುದು. ಅದಕ್ಕೇ ಕೈಗೆ ಮೆಹಂದಿ, ಶಾಯಿ ಹಚ್ಚಿಕೊಂಡು ಬರಬೇಡಿ ಎಂದು ಬ್ಯಾಂಕ್ ಪರೀಕ್ಷೆಗಳ ಸೂಚನೆಯಲ್ಲಿ ಬರೆದಿರುತ್ತಾರೆ.

ಇದಕ್ಕೆಲ್ಲ ಪರಿಹಾರ ಅಗ್ಗ. ನೆರಳಿನಲ್ಲಿ ಮೇಜು, ನೂಲು ಬಿಡದ ಬಟ್ಟೆಯಿಂದ 20–25 ಜನರಿಗೊಮ್ಮೆ ಗಾಜು ಒರೆಸುವುದು, ಒಣಗೈಗೆ ಒದ್ದೆ ಬಟ್ಟೆ, ಬೆವರುಗೈಗೆ ಒಣ ಬಟ್ಟೆ. ಬೆರಳಿನ ತುದಿಯನ್ನಲ್ಲ, ಉಗುರಿನ ಹಿಂಬದಿಯ ಉಬ್ಬು ಭಾಗವನ್ನು ಚಪ್ಪಟೆಯಾಗಿ ಇಡಿಸಬೇಕು. ಗಟ್ಟಿಯಾಗಿ ಒತ್ತಿಸಿದರೆ ಗೆರೆಗಳು ಹಿಗ್ಗಿ ಚಿತ್ರ ಕೆಡುತ್ತದೆ. ಸಾಲು ಬೆಳೆಯತೊಡಗಿದಾಗ ಆಪರೇಟರ್‌ಗಳು ಮಾಡುವುದೇ ಈ ತಪ್ಪು, ಮಗುವಿನ ಬೆರಳು ಹಿಡಿದು ಅದುಮುತ್ತಾರೆ. ಮೊಬೈಲಿಗೆ ಒಟಿಜಿ ತಂತಿಯಲ್ಲಿ (ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ತಂತಿ) ಜೋಡಿಸಿದ ಸ್ಕ್ಯಾನರ್ ಫೋನಿನ ಬ್ಯಾಟರಿ ಇಳಿದಂತೆ ಕೈಕೊಡಬಹುದು. ಲ್ಯಾಪ್‌ಟಾಪ್ ಅಥವಾ ವಿದ್ಯುತ್ ಇರುವ ಯುಎಸ್‌ಬಿ ಹಬ್ ಬಳಸುವುದೇ ಕ್ಷೇಮ.

ಚಿತ್ರದ ಗುಣಮಟ್ಟಕ್ಕೆ ಎನ್‌ಎಫ್‌ಐಕ್ಯು ಎಂಬ ಅಂಕ ಇದೆ. ಹಳೆಯ ಪದ್ಧತಿಯಲ್ಲಿ 1 ಅತ್ಯುತ್ತಮ, 5 ಕಳಪೆ. ಎರಡನೇ ಆವೃತ್ತಿಯಲ್ಲಿ 0ಯಿಂದ 100, ಹೆಚ್ಚಿದಷ್ಟೂ ಒಳ್ಳೆಯದು. ಎರಡರ ದಿಕ್ಕೂ ಉಲ್ಟಾ. ಸಾಫ್ಟ್‌ವೇರ್ ಯಾವುದನ್ನು ತೋರಿಸುತ್ತಿದೆ ಎಂದು ಆಪರೇಟರ್‌ಗೆ ತರಬೇತಿಯಲ್ಲೇ ಹೇಳದಿದ್ದರೆ ಕೆಟ್ಟ ಚಿತ್ರ ಒಳಗೆ ಹೋಗಿ, ಮುಂದೆ ಕೌನ್ಸೆಲಿಂಗ್ ದಿನ ನಿಜವಾದ ವಿದ್ಯಾರ್ಥಿಯೇ ತಾಳೆಯಾಗದೆ ನಿಲ್ಲುತ್ತಾಳೆ.

ಬೆರಳನ್ನೇ ನಕಲು ಮಾಡುವುದು ಸಿನಿಮಾದ ಕತೆಯಲ್ಲ. 2002ರಲ್ಲೇ ಜಪಾನಿನ ಯೊಕೊಹಾಮಾದ ಸಂಶೋಧಕರು ಜೆಲಟಿನ್ ಬೆರಳಿನಿಂದ ಆಗಿನ ಸ್ಕ್ಯಾನರ್‌ಗಳನ್ನು ಏಮಾರಿಸಿ ತೋರಿಸಿದ್ದರು. 2022ರ ಆಗಸ್ಟ್‌ನಲ್ಲಿ ವಡೋದರಾದ ರೈಲ್ವೆ ನೇಮಕಾತಿ ಪರೀಕ್ಷೆಯಲ್ಲಿ ಒಬ್ಬ ಅಭ್ಯರ್ಥಿ ಬಿಸಿ ಬಾಣಲೆಗೆ ಹೆಬ್ಬೆರಳು ಒತ್ತಿ, ಎದ್ದ ಚರ್ಮವನ್ನು ಗೆಳೆಯನ ಹೆಬ್ಬೆರಳಿಗೆ ಅಂಟಿಸಿ ಕಳಿಸಿದ್ದ. ಯಂತ್ರ ಮತ್ತೆ ಮತ್ತೆ ಓದದೆ ಹೋಯಿತು. ಮೇಲ್ವಿಚಾರಕರಿಗೆ ಸಂಶಯ ಬಂದು ಬೆರಳಿಗೆ ಸ್ಯಾನಿಟೈಸರ್ ಸಿಂಪಡಿಸಿದಾಗ ಚರ್ಮ ಕಳಚಿ ಬಿತ್ತು. ಹಿಡಿದದ್ದು ಮೇಲ್ವಿಚಾರಕರ ಕಣ್ಣು. ಆದ್ದರಿಂದ ಪ್ರತಿ ಅಭ್ಯರ್ಥಿಯ ಬೆರಳನ್ನು ಸ್ಕ್ಯಾನ್‌ಗೆ ಮುನ್ನ ಸ್ಯಾನಿಟೈಸರ್ ಹಾಕಿ ಒರೆಸಿ, ಪೂರ್ತಿ ಆರಿದ ಮೇಲೆ ಇಡಿಸಿ. ಆಲ್ಕೋಹಾಲ್ ಚರ್ಮವನ್ನು ಒಣಗಿಸುತ್ತದೆ, ಆ ಮೇಲೆ ಒಂದೆರಡು ಸಲ ಅಂಗೈ ಉಜ್ಜಿಕೊಳ್ಳಲು ಹೇಳಿ. ಆಧಾರ್ ಜೊತೆ ತಾಳೆ ನೋಡುವುದಾದರೆ ಎಲ್1 ದರ್ಜೆಯ ನೋಂದಾಯಿತ ಸಾಧನವನ್ನೇ ಕೇಳಿ. ಅದರಲ್ಲಿ ಬೆರಳಚ್ಚು ಯಂತ್ರದೊಳಗಿನ ಸುರಕ್ಷಿತ ಭಾಗದಲ್ಲೇ ಗೂಢಲಿಪಿಯಾಗುತ್ತದೆ. ಎಲ್0 ಸಾಧನದಲ್ಲಿ ಆ ಕೆಲಸವನ್ನು ಹೊರಗಿನ ಕಂಪ್ಯೂಟರಿನ ಸಾಫ್ಟ್‌ವೇರ್ ಮಾಡುತ್ತದೆ. ಹಳೆಯ ಎಲ್0 ಸ್ಟಾಕ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ.

ಮಾರಾಟಗಾರರ ಪತ್ರಕದಲ್ಲಿ ಕಾಣದ ವಿಷಯ ಒಂದಿದೆ: ಬೆರಳು ಬೀಳದವರು ಯಾರು? ಅಡಿಕೆ ಸುಲಿಯುವ, ಗೇರುಬೀಜ ಬಿಡಿಸುವ, ಸಿಮೆಂಟ್ ಕಲಸುವ, ಮನೆಮನೆಯ ಪಾತ್ರೆ ತೊಳೆಯುವ ಕೈಗಳು. ರಜೆಯಲ್ಲಿ ಅಪ್ಪ ಅಮ್ಮನ ಜೊತೆ ದುಡಿಯುವ ಹುಡುಗ ಹುಡುಗಿಯರ ಕೈಗಳು, ಇಸುಬು ಇರುವ ಕೈಗಳು. ತಪ್ಪು ತಿರಸ್ಕಾರ, ಅಂದರೆ ನಿಜವಾದ ಅಭ್ಯರ್ಥಿಯನ್ನೇ ಯಂತ್ರ ಒಪ್ಪದಿರುವುದು, ಶೇ 2 ಎಂದು ಹಿಡಿದರೂ 480 ಮಕ್ಕಳ ಕೇಂದ್ರದಲ್ಲಿ 9–10 ಮಂದಿ ಸಾಲಿನಿಂದ ಪಕ್ಕಕ್ಕೆ ನಿಲ್ಲುತ್ತಾರೆ. ಅವರಲ್ಲಿ ಬಡವರ ಮಕ್ಕಳೇ ಹೆಚ್ಚಿರುವ ಸಂಭವ ಇದೆ. ಪರೀಕ್ಷೆಗೆ ಅರ್ಧ ಗಂಟೆ ಮೊದಲು, ಎಲ್ಲರ ಎದುರು, ‘ಇವಳು ಇವಳೇ ಹೌದೋ ಅಲ್ಲವೋ’ ಎಂಬ ಅನುಮಾನ ಹೊತ್ತು ಒಳಗೆ ಹೋದ ಮಗು ಮೊದಲ ಪುಟವನ್ನು ಹೇಗೆ ಓದುತ್ತದೆ? ನ್ಯಾಯದ ಹೆಸರಿನಲ್ಲಿ ತಂದ ಯಂತ್ರ ಅಲ್ಲಿಯೇ ಅನ್ಯಾಯ ಮಾಡಿಬಿಡುತ್ತದೆ.

ಹಾಗಾಗಿ ಕ್ರಮ ಲಿಖಿತವಾಗಿರಬೇಕು. ಹೆಬ್ಬೆರಳು ಬೀಳದಿದ್ದರೆ ತೋರುಬೆರಳು, ಆಮೇಲೆ ನಡುಬೆರಳು. ಮೂರೂ ಸೋತರೆ ಮುಖ. ಅದೂ ಆಗದಿದ್ದರೆ ಹಾಲ್ ಟಿಕೆಟ್, ಫೋಟೊ ಇರುವ ಗುರುತಿನ ಚೀಟಿ, ಸ್ಥಳದಲ್ಲೇ ತೆಗೆದ ಫೋಟೊ ಮತ್ತು ಮುಖ್ಯ ಅಧೀಕ್ಷಕರ ಸಹಿಯೊಂದಿಗೆ ರಿಜಿಸ್ಟರಿನಲ್ಲಿ ದಾಖಲಿಸಿ ಒಳಗೆ ಬಿಡಬೇಕು. ಸಂಶಯ ಉಳಿದರೆ ಪರೀಕ್ಷೆಯ ನಂತರ ಪರಿಶೀಲಿಸಲಿ. ಯಂತ್ರ ಓದಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ವಾಪಸ್ ಕಳಿಸುವ ಅಧಿಕಾರ ಆಪರೇಟರ್‌ಗೆ ಇರಕೂಡದು.

ಎಷ್ಟು ಯಂತ್ರ ಬೇಕು? ಇಲ್ಲಿ ಜುಗ್ಗತನ ಮಾಡುವವರೇ ಹೆಚ್ಚು. ಲೆಕ್ಕ ಸರಳ. ಒಬ್ಬರಿಗೆ ಫೋಟೊ, ಬೆರಳು, ಹಾಲ್ ಟಿಕೆಟ್ ಸ್ಕ್ಯಾನ್ ಸೇರಿ 40 ಸೆಕೆಂಡ್ ಎಂದುಕೊಳ್ಳಿ. 480 ಜನಕ್ಕೆ 320 ನಿಮಿಷ. ನೀಟ್ ಮಾದರಿಯಲ್ಲಿ 11 ಗಂಟೆಯಿಂದ 1.30ರವರೆಗೆ ಗೇಟು ತೆರೆದಿದ್ದರೆ ಸಿಗುವುದು 150 ನಿಮಿಷ. ಭಾಗಿಸಿದರೆ ಮೂರು ಯಂತ್ರ ಧಾರಾಳ ಎನಿಸುತ್ತದೆ. ಆದರೆ ಜನ ಸಮನಾಗಿ ಬರುವುದಿಲ್ಲ. ಅರ್ಧದಷ್ಟು ಮಂದಿ ಕೊನೆಯ ಒಂದು ಗಂಟೆಗೆ ಬಂದರೆ ಆ ಒಂದು ಗಂಟೆಯಲ್ಲಿ 160 ನಿಮಿಷದ ಕೆಲಸ ಇರುತ್ತದೆ, ಮೂರೂ ಯಂತ್ರ ಬಹುತೇಕ ಬಿಡುವಿಲ್ಲದೆ ಓಡಬೇಕಾಗುತ್ತದೆ. ನಾಲ್ಕು ಯಂತ್ರ, ಮೇಲೊಂದು ಬದಲಿ ಎಂದು ಕರಾರಿನಲ್ಲಿ ಬರೆಸಿ. ಗೇಟಿನಲ್ಲಿ ಮುಗಿಯದ್ದನ್ನು ಕೊಠಡಿಯಲ್ಲಿ ಮಾಡೋಣ ಎಂದು ಪರೀಕ್ಷೆ ನಡೆಯುವಾಗ ಬೆಂಚಿನಿಂದ ಬೆಂಚಿಗೆ ಯಂತ್ರ ಹೊತ್ತು ತಿರುಗುವುದು ಅತ್ಯಂತ ಕೆಟ್ಟ ಪದ್ಧತಿ. 180 ನಿಮಿಷಕ್ಕೆ 180 ಪ್ರಶ್ನೆ ಇರುವಲ್ಲಿ 40 ಸೆಕೆಂಡ್ ಎಂದರೆ ಹೆಚ್ಚುಕಡಿಮೆ ಒಂದು ಪ್ರಶ್ನೆ. ಅನಿವಾರ್ಯವಾದರೆ ಅಷ್ಟು ಸಮಯ ಇಡೀ ಕೊಠಡಿಗೆ ವಾಪಸ್ ಕೊಡಬೇಕು. ಜೆಇಇ ಮೇನ್‌ನಲ್ಲಿ 2024ರಿಂದ ಶೌಚಾಲಯಕ್ಕೆ ಹೋಗಿ ಬಂದವರಿಗೂ ಮತ್ತೆ ತಪಾಸಣೆ, ಬಯೋಮೆಟ್ರಿಕ್ ಇದೆ. ಆಳು ಬದಲಾಯಿಸುವುದನ್ನು ತಡೆಯಲು ಅದು ಸರಿಯೇ. ಆದರೆ ಅದಕ್ಕೆ ಮಹಡಿಗೊಂದು ಪ್ರತ್ಯೇಕ ಯಂತ್ರ ಇರಬೇಕು, ಗೇಟಿನದನ್ನು ಓಡಿಸಿಕೊಂಡು ಬರುವುದಲ್ಲ.

ವೇಗದಲ್ಲಿ ಮುಖ ಗುರುತಿನ ಆ್ಯಪ್ ಗೆಲ್ಲುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಯುಪಿಎಸ್‌ಸಿ ಗುರುಗ್ರಾಮದಲ್ಲಿ ನಡೆಸಿದ ಪ್ರಯೋಗದಲ್ಲಿ ಒಬ್ಬರಿಗೆ 8ರಿಂದ 10 ಸೆಕೆಂಡ್ ಸಾಕಾಯಿತು. ಅದೇ ವರ್ಷದ ನೀಟ್‌ನಲ್ಲಿ ದೆಹಲಿಯ ಕೆಲವು ಕೇಂದ್ರಗಳಲ್ಲಿ ಆಧಾರ್ ಮುಖ ದೃಢೀಕರಣದ ಪ್ರಯೋಗವೂ ನಡೆಯಿತು. ಮುಟ್ಟಬೇಕಿಲ್ಲ, ಒರೆಸಬೇಕಿಲ್ಲ, ದುಡಿದು ಸವೆದ ಕೈಯ ಚಿಂತೆಯೂ ಇಲ್ಲ. ಆದರೆ ಎಲ್ಲವೂ ನಿಂತಿರುವುದು ಅರ್ಜಿಯ ಫೋಟೊ ಮೇಲೆ. ಇಬ್ಬರ ಮುಖ ಬೆರೆಸಿ ಮಾಡಿದ ಫೋಟೊವನ್ನು ಅರ್ಜಿಗೆ ಹಾಕಿದರೆ ಅಭ್ಯರ್ಥಿಯೂ ಹೊಂದುತ್ತಾನೆ, ಬಾಡಿಗೆಗೆ ಬಂದವನೂ ಹೊಂದುತ್ತಾನೆ. ಸ್ಟುಡಿಯೊ ಫೋಟೊ ಅಪ್‌ಲೋಡ್ ಮಾಡಿಸುವ ಬದಲು, ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) 2024ರಿಂದ ಮಾಡುತ್ತಿರುವಂತೆ ಅರ್ಜಿ ತುಂಬುವಾಗಲೇ ಕ್ಯಾಮೆರಾದಲ್ಲಿ ನೇರ ಫೋಟೊ ತೆಗೆಸುವುದು ಈ ದಾರಿಯನ್ನು ಬಹುಮಟ್ಟಿಗೆ ಮುಚ್ಚುತ್ತದೆ. ಅವಳಿಗಳ ಮುಂದೆ ಮುಖ ಗುರುತು ದುರ್ಬಲ. ಮೈಬಣ್ಣದ ತಾರತಮ್ಯವೂ ನಿಜ: ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯ 2019ರ ವರದಿಯಲ್ಲಿ ಕೆಲವು ಸಾಫ್ಟ್‌ವೇರ್‌ಗಳು ಏಷ್ಯಾ, ಆಫ್ರಿಕಾ ಮೂಲದ ಮುಖಗಳಲ್ಲಿ 10ರಿಂದ 100 ಪಟ್ಟು ಹೆಚ್ಚು ತಪ್ಪು ಹೊಂದಾಣಿಕೆ (ಬೇರೆಯವರನ್ನು ಅವರೇ ಎನ್ನುವುದು) ಮಾಡಿದ್ದು ಕಂಡಿತ್ತು. ಭಾರತೀಯ ಮುಖಗಳ ಮೇಲೆ ಪರೀಕ್ಷಿಸಿದ ಫಲಿತಾಂಶ ತೋರಿಸಿ ಎಂದು ಕಂಪನಿಯನ್ನು ಕೇಳುವುದು ನಿಮ್ಮ ಹಕ್ಕು.

ಐರಿಸ್ ಸ್ಕ್ಯಾನರ್ ಮೂರರಲ್ಲಿ ಅತಿ ನಿಖರ, ಅವಳಿಗಳನ್ನೂ ಬೇರ್ಪಡಿಸುತ್ತದೆ. ಕನ್ನಡಕ ತೆಗೆಸಬೇಕು, ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಆಗದು, ಬೆಲೆ ಹೆಚ್ಚು. ಸಣ್ಣ ಸಂಸ್ಥೆಗಳಿಗೆ ಬೇಡ.

‘ನಮ್ಮ ವ್ಯವಸ್ಥೆ ಲಕ್ಷಾಂತರ ಅಭ್ಯರ್ಥಿಗಳಲ್ಲಿ ಒಬ್ಬನೇ ಎರಡು ಕಡೆ ಬರೆದದ್ದನ್ನು ತಾನಾಗಿಯೇ ಹಿಡಿಯುತ್ತದೆ’ ಎಂದು ಹೇಳುವವರಿದ್ದಾರೆ. ಕೇಳುವಾಗ ಒಂದು ಲೆಕ್ಕ ನೆನಪಿರಲಿ. 20 ಲಕ್ಷ ಅಭ್ಯರ್ಥಿಗಳನ್ನು ಒಬ್ಬರಿಗೊಬ್ಬರು ಹೋಲಿಸಿದರೆ 2 ಲಕ್ಷ ಕೋಟಿ ಜೋಡಿಗಳಾಗುತ್ತವೆ. ತಪ್ಪು ಹೊಂದಾಣಿಕೆ 10 ಲಕ್ಷಕ್ಕೆ ಒಂದೇ ಆದರೂ 20 ಲಕ್ಷ ನಿರಪರಾಧಿ ಜೋಡಿಗಳು ಅನುಮಾನದ ಪಟ್ಟಿಗೆ ಬರುತ್ತವೆ. ಒಂದು ಬೆರಳಿನ ಮೇಲೆ ಈ ಕೆಲಸ ಮಾಡಲಾಗದು. ಹಲವು ಬೆರಳು, ಮುಖ, ಕೊನೆಗೆ ಮನುಷ್ಯರ ಪರಿಶೀಲನೆ ಎಲ್ಲವೂ ಬೇಕು. ಯಂತ್ರ ಕೆಂಪು ತೋರಿಸಿತೆಂದು ಫಲಿತಾಂಶ ತಡೆಹಿಡಿಯುವ ಮೊದಲು ವಿದ್ಯಾರ್ಥಿಗೆ ನೋಟಿಸ್ ಕೊಟ್ಟು, ಮತ್ತೊಮ್ಮೆ ಬೆರಳು ಇಡಲು ಅವಕಾಶ ಕೊಡಲೇಬೇಕು.

ಆಧಾರ್ ಬಳಸುವವರಿಗೆ ಎರಡು ಮಾತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಶಾಲಾ ದಾಖಲಾತಿಗೆ, ಸಿಬಿಎಸ್‌ಇ, ನೀಟ್, ಯುಜಿಸಿ ಪರೀಕ್ಷೆಗಳಿಗೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದಿದೆ. ಆದ್ದರಿಂದ ಆಧಾರ್ ಬೇಡ ಎನ್ನುವ ಮಗುವಿಗೆ ಇನ್ನೊಂದು ದಾರಿ ಇರಲೇಬೇಕು. ಎರಡನೆಯದು, ಮಕ್ಕಳ ಬಯೋಮೆಟ್ರಿಕ್ ಅನ್ನು 5 ಮತ್ತು 15ನೇ ವಯಸ್ಸು ತುಂಬಿದ ಮೇಲೆ ಹೊಸದಾಗಿ ಕೊಡಬೇಕು. 15ರ ಅಪ್‌ಡೇಟ್ ಮಾಡಿಸದ ಪಿಯು ವಿದ್ಯಾರ್ಥಿಯ ಆಧಾರ್‌ನಲ್ಲಿ ಇನ್ನೂ ಪುಟ್ಟ ಮಗುವಿನ ಬೆರಳೇ ಇರಬಹುದು, ಗೇಟಿನಲ್ಲಿ ಹೊಂದದೆ ಹೋಗಬಹುದು. ಕಾಲೇಜುಗಳು ಪ್ರಥಮ ಪಿಯು ದಾಖಲಾತಿಯ ವೇಳೆಗೇ ಇದನ್ನು ನೋಡಿ, ಬಾಕಿ ಇರುವವರನ್ನು ಆಧಾರ್ ಸೇವಾ ಕೇಂದ್ರಕ್ಕೆ ಕಳಿಸಲಿ. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಸಮಯ ಸಾಲದು.

ಕೊನೆಗೆ ಕರಾರು. ಬೆರಳಚ್ಚು ಒಮ್ಮೆ ಸೋರಿದರೆ ಪಾಸ್‌ವರ್ಡ್‌ನಂತೆ ಬದಲಾಯಿಸಲು ಬರುವುದಿಲ್ಲ. ದತ್ತಾಂಶ ಕಂಪನಿಯ ಲ್ಯಾಪ್‌ಟಾಪಿನಲ್ಲಿ ಉಳಿಯಬಾರದು, ಗೂಢಲಿಪಿಯಲ್ಲೇ ಸಂಗ್ರಹವಾಗಬೇಕು, ಪರೀಕ್ಷೆ ಮುಗಿದ ದಿನವೇ ಸಾಧನಗಳಿಂದ ಅಳಿಸಿ ಲಿಖಿತ ಪ್ರಮಾಣಪತ್ರ ಕೊಡಬೇಕು. ದಾಖಲಾತಿ ಮತ್ತು ದೂರಿನ ಅವಧಿ ಮುಗಿದ ಮೇಲೆ ಮೂಲ ಪ್ರತಿಯನ್ನೂ ಅಳಿಸಬೇಕು, ಅದರ ದಿನಾಂಕವನ್ನು ಕರಾರಿನಲ್ಲೇ ನಮೂದಿಸಬೇಕು. ಜೊತೆಗೆ ಪ್ರತಿ ಕೇಂದ್ರದಲ್ಲೂ ಎಷ್ಟು ಮಂದಿಯ ಬೆರಳು ಬೀಳಲಿಲ್ಲ, ಅವರಲ್ಲಿ ಎಷ್ಟು ಮಂದಿ ರಿಜಿಸ್ಟರ್ ಮೂಲಕ ಒಳಗೆ ಹೋದರು ಎಂಬ ಪಟ್ಟಿಯನ್ನು ಕಂಪನಿ ಒಪ್ಪಿಸಿದ ಮೇಲಷ್ಟೇ ಬಿಲ್ ಪಾವತಿ ಎಂಬ ಷರತ್ತು ಸೇರಿಸಿ.