ಎರಡು ಗ್ರಾಂ ಒಳಗಿನ ಆನೆ: ಡಾಲರ್ ಸರ ಕೊಳ್ಳುವ ಮುನ್ನ ಓದಿ

ಅಂಗಡಿಯ ಹೆಸರು ಕೇಳಬೇಡಿ, ಬರೆಯುವುದಿಲ್ಲ. ದುಡ್ಡು ಕಳೆದುಕೊಂಡದ್ದು ಹೇಗೆ ಎನ್ನುವುದನ್ನು ಮಾತ್ರ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

2023ರ ಶ್ರಾವಣದಲ್ಲಿ ಮಗಳು ಕೆಲಸ ಸಿಕ್ಕಿ ಹೈದರಾಬಾದಿಗೆ ಹೊರಟಳು. ಕೊರಳಿಗೆ ಏನಾದರೂ ಮಾಡಿಸಿಕೊಡೋಣವೆಂದರೆ, ನಮ್ಮ ಕಾಲದ ಅವಲಕ್ಕಿ ಸರ ಬೇಡ, ತೆಳ್ಳಗಿನ ಚೈನಿಗೆ ಪುಟಾಣಿ ಡಾಲರ್‌ಗಳನ್ನು ಸಾಲಾಗಿ ತೂಗುಹಾಕಿದ ಸರ ಬೇಕು ಎಂದಳು. ಒಂದೊಂದು ಡಾಲರ್‌ಗೂ ಒಂದು ನೆನಪಂತೆ. ದಸರಾ ಆನೆಗೆ ಕಬ್ಬು ತಿನ್ನಿಸಿದ್ದಕ್ಕೆ ಆನೆ, ಅಜ್ಜಿ ಮನೆಯ ತೋಟಕ್ಕೆ ಮಾವಿನಕಾಯಿ, ಎಂಟು ವರ್ಷ ಕಲಿತು ಬಿಟ್ಟ ವೀಣೆ, ಒಂದು ಗೆಜ್ಜೆ, ಅವಳ ಹೆಸರಿನ ‘ಮ’ ಅಕ್ಷರ. ನಮ್ಮ ಅತ್ತೆಯವರು ನಡುವೆ ಬಾಯಿ ಹಾಕಿ, ದೃಷ್ಟಿಯಾಗದಿರಲು ಹುಲಿಯುಗುರೂ ಒಂದಿರಲಿ ಎಂದರು. ಸರ ಕೊಂಡಾದ ಮೇಲೆ, ಅದೇ ವರ್ಷದ ಅಕ್ಟೋಬರಿನಲ್ಲಿ, ಟಿ.ವಿ. ಕಾರ್ಯಕ್ರಮದ ಸ್ಪರ್ಧಿಯೊಬ್ಬರನ್ನು ಹುಲಿಯುಗುರಿನ ಪದಕಕ್ಕಾಗಿ ಅರಣ್ಯ ಇಲಾಖೆಯವರು ಬಂಧಿಸಿದ ಸುದ್ದಿ ನೋಡಿ ಅವರೇ ಕೈಮುಗಿದರು. 1972ರ ವನ್ಯಜೀವಿ ಕಾಯ್ದೆಯಡಿ ಅದು ಜೈಲಿಗೆ ಹೋಗುವ ಅಪರಾಧ. ಆ ಒಂದು ವಿಷಯದಲ್ಲಿ ಮಾತ್ರ ನಾನು ಪಾರಾದೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ, ಮೈಸೂರಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೈನು 8 ಗ್ರಾಂ. ಕೊಕ್ಕೆಯ ಬಳಿ ಶುದ್ಧತೆಯ ಹಾಲ್‌ಮಾರ್ಕ್ ಮುದ್ರೆ ಇತ್ತು: ಭಾರತೀಯ ಮಾನಕ ಬ್ಯೂರೋ ಅಂದರೆ ಬಿಐಎಸ್‌ನ ತ್ರಿಕೋನ ಚಿಹ್ನೆ, 22ಕೆ916 (22 ಕ್ಯಾರೆಟ್, ಸಾವಿರದಲ್ಲಿ 916 ಪಾಲು ಚಿನ್ನ), ಪಕ್ಕದಲ್ಲಿ ಆ ಒಡವೆಗಷ್ಟೇ ಕೊಡುವ ಗುರುತು, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ. ತಿಳಿದವಳಂತೆ ಭೂತಗನ್ನಡಿ ಕೇಳಿ ಪಡೆದು ನೋಡಿದೆ, ಮೊಬೈಲಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಆರನ್ನು ಹಾಕಿ ಪರೀಕ್ಷಿಸಿದೆ. ಎಲ್ಲವೂ ಸರಿಯಾಗಿತ್ತು. ಆ ಖುಷಿಯಲ್ಲಿ ಡಾಲರ್‌ಗಳನ್ನು ತಿರುಗಿಸಿಯೂ ನೋಡಲಿಲ್ಲ. ಆನೆ 1.9 ಗ್ರಾಂ, ವೀಣೆ 1.7, ಮಾವಿನಕಾಯಿ 1.6, ಗೆಜ್ಜೆ 1.3, ಅಕ್ಷರ 0.9. ಗ್ರಾಂಗೆ ಐದೂವರೆ ಸಾವಿರದ ಆಸುಪಾಸಿನಲ್ಲಿ ಡಾಲರ್‌ಗಳದ್ದೇ ನಲವತ್ತು ಸಾವಿರ ದಾಟಿತು, ಮಜೂರಿ ಬೇರೆ. ಬಿಲ್ಲಿನಲ್ಲಿ ಒಂದೇ ಸಾಲು: ‘22 ಕ್ಯಾರೆಟ್ ಚೈನ್ ಡಾಲರ್ ಸಹಿತ, 15.4 ಗ್ರಾಂ’. ನಾನು ಎಡವಿದ್ದು ಆ ಒಂದು ಸಾಲಿನಲ್ಲಿ.

ಮೊದಲ ಸುಳಿವು ಸಂಕ್ರಾಂತಿಗೇ ಸಿಕ್ಕಿತ್ತು. ಆನೆ ಮತ್ತು ಮಾವಿನಕಾಯಿ ಕಂದಿದ್ದವು, ಉಳಿದವು ಹಳದಿಯಾಗಿಯೇ ಇದ್ದವು. ಸೆಂಟ್ ಹೊಡೆದುಕೊಳ್ಳುತ್ತೀಯಾ, ಸರ ಹಾಕಿಕೊಂಡೇ ಸ್ನಾನ ಮಾಡುತ್ತೀಯಾ, ಅದಕ್ಕೇ ಹೀಗೆ ಎಂದು ಮಗಳನ್ನೇ ಗದರಿದೆ. ಅಂಟುವಾಳದ ಕಾಯಿ ನೆನೆಸಿದ ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದೆ. ಹೊಳೆದವು, ತಿಂಗಳಲ್ಲಿ ಮತ್ತೆ ಕಂದಿದವು. ಒಂದೇ ಕೊರಳಿನ ಒಂದೇ ಬೆವರಿಗೆ ಐದರಲ್ಲಿ ಎರಡು ಮಾತ್ರ ಏಕೆ ಕಂದುತ್ತವೆ ಎಂದು ನನಗೆ ಹೊಳೆಯಲೇ ಇಲ್ಲ. 22 ಕ್ಯಾರೆಟ್ ಚಿನ್ನ ಬೆವರಿಗೆ ಅಷ್ಟು ಬೇಗ ಬಣ್ಣ ಬಿಡುವುದಿಲ್ಲ. ತಾಮ್ರ, ಬೆಳ್ಳಿ ಹೆಚ್ಚಾಗಿ ಬೆರೆತಷ್ಟೂ ಕಂದುವುದು ಹೆಚ್ಚು.

2024ರ ದೀಪಾವಳಿಗೆ ಬಂದಾಗ ಆನೆಯನ್ನು ಚೈನಿಗೆ ಸಿಕ್ಕಿಸುವ ತಲೆಯ ಮೇಲಿನ ಪುಟ್ಟ ಕೊಂಡಿ ಸವೆದು ಬಾಯಿ ಬಿಟ್ಟಿತ್ತು. ಡಾಲರ್‌ಗಳು ಒಂದಕ್ಕೊಂದು ಸದಾ ಉಜ್ಜುವ ಸರದಲ್ಲಿ ಇದು ಆಗಿಯೇ ಆಗುತ್ತದೆ. ನಮ್ಮ ಬೀದಿಯ ಅಕ್ಕಸಾಲಿ ಆಚಾರ್ ಬಳಿ ಒಯ್ದೆ. ನನ್ನ ತಾಳಿಗೂ ಅವರೇ ಬೆಸುಗೆ ಹಾಕಿದವರು. ಉರಿ ತಾಗಿಸಿ ಎರಡು ಕ್ಷಣವಾಗಿರಲಿಲ್ಲ, ಆನೆಯ ಹೊಟ್ಟೆಯಿಂದ ಹೊಗೆ ಎದ್ದು ಸುಟ್ಟ ಅರಗಿನ ವಾಸನೆ ಬಂತು. ಅವರು ತಕ್ಷಣ ಕೈ ಹಿಂದೆಗೆದುಕೊಂಡರು.

“ತಾಯಿ, ಇದನ್ನು ಗಟ್ಟಿ ಎಂದು ಕೊಟ್ಟರೋ, ಅರಗು ತುಂಬಿದ್ದು ಎಂದು ಹೇಳಿ ಕೊಟ್ಟರೋ?”

“ಚಿನ್ನ ಎಂದು ಕೊಟ್ಟರು, ಆಚಾರ್ರೇ.”

ಅವರು ಮಾತಾಡಲಿಲ್ಲ. ಒರೆಗಲ್ಲು ತೆಗೆದು ಐದನ್ನೂ ಉಜ್ಜಿದರು, ಆಮ್ಲದ ಹನಿ ಬಿಟ್ಟರು. ಎರಡರ ಗೆರೆ ಕಣ್ಣೆದುರೇ ಮಾಸಿತು, ಒಂದರದ್ದು ಅರೆಬರೆ ಉಳಿಯಿತು. ಅರಗನ್ನು ಪೂರ್ತಿ ತೆಗೆದು ತೂಗಿದಾಗ 1.9 ಗ್ರಾಮಿನ ಆನೆ 1.2 ಇತ್ತು. ಅರಗು ತುಂಬುವುದೇ ಮೋಸವಲ್ಲ, ಹಳೆಯ ಕುಸುರಿಯಲ್ಲಿ ಅದು ಮರ್ಯಾದೆಯ ಕೆಲಸ. ಆದರೆ ಅರಗನ್ನು ಚಿನ್ನದ ದರಕ್ಕೆ ತೂಗಿ ಕೊಡುವುದಕ್ಕೆ ಬೇರೆ ಹೆಸರಿದೆ.

ಒರೆಗಲ್ಲಿನ ಮಾತನ್ನು ಅಂಗಡಿಯವರು ಒಪ್ಪುವುದಿಲ್ಲ, ಪರೀಕ್ಷೆಯ ಕಾಗದ ಮಾಡಿಸಿಕೊಳ್ಳಿ ಎಂದು ಆಚಾರ್ರೇ ಹೇಳಿದರು. ಬಿಐಎಸ್ ಮಾನ್ಯತೆ ಇರುವ ಹಾಲ್‌ಮಾರ್ಕಿಂಗ್ ಕೇಂದ್ರಗಳಲ್ಲಿ ನಾವು ನೀವೂ ಒಡವೆ ಪರೀಕ್ಷೆ ಮಾಡಿಸಬಹುದು. ನಾಲ್ಕರವರೆಗೆ 200 ರೂಪಾಯಿ, ಐದು ಅಥವಾ ಹೆಚ್ಚಿದ್ದರೆ ಒಂದಕ್ಕೆ 45 ರೂಪಾಯಿಯಂತೆ, ತೆರಿಗೆ ಪ್ರತ್ಯೇಕ. ಐದು ಡಾಲರ್‌ಗಳಿಗೆ ಮೂರು ನೂರು ರೂಪಾಯಿಯೂ ಆಗದ ಈ ಕೆಲಸವನ್ನು ಕೊಂಡ ವಾರವೇ ಮಾಡಿಸಬೇಕಿತ್ತು. ಎಕ್ಸ್-ರೇ ಯಂತ್ರದ ವರದಿಯಲ್ಲಿ ಗೆಜ್ಜೆ ಮತ್ತು ಅಕ್ಷರ 916ರ ಮೇಲೆ, ವೀಣೆ 750ರ ಸುತ್ತ, ಆನೆ ಮತ್ತು ಮಾವಿನಕಾಯಿ 585ರ ಸುತ್ತ. ಅಂದರೆ ಎರಡು 22 ಕ್ಯಾರೆಟ್, ಒಂದು 18, ಎರಡು 14.

ವರದಿ ಹಿಡಿದು ಅಂಗಡಿಗೆ ಹೋದಾಗ ಮೊದಲ ಉತ್ತರ: “ಮೇಡಂ, ಸೆಂಟ್ ಏನಾದರೂ ಹಾಕಿದ್ದರಾ?” ಸೆಂಟಿಗೆ ಚಿನ್ನದ ಕ್ಯಾರೆಟ್ ಇಳಿಸುವ ಶಕ್ತಿಯಿದ್ದಿದ್ದರೆ ನಮ್ಮ ಮದುವೆ ಮನೆಗಳಲ್ಲಿ ಇಷ್ಟು ಹೊತ್ತಿಗೆ ಹಿತ್ತಾಳೆಯಷ್ಟೇ ಉಳಿದಿರುತ್ತಿತ್ತು. ಎರಡನೆಯ ಉತ್ತರ ನನ್ನ ಬಾಯಿ ಕಟ್ಟಿಸಿತು. ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ, ಕಾನೂನೇ ಹಾಗಿದೆ ಎಂದರು.

ಅದು ನಿಜ. 2021ರ ಜೂನ್ 16ರಿಂದ ಹಂತ ಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು, 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಆದರೆ ಎರಡು ಗ್ರಾಮಿನ ಒಳಗಿನದಕ್ಕೆ ವಿನಾಯಿತಿ ಇದೆ. ನನ್ನ ಐದೂ ಡಾಲರ್‌ಗಳು ಆ ಗೆರೆಯ ಕೆಳಗೇ ಕೂತಿದ್ದವು. ಆನೆಯಂತೂ ಗೆರೆಗೆ ಸೊಂಡಿಲು ತಾಗಿಸಿಕೊಂಡು. ಇದು ಕಾಕತಾಳೀಯ ಎಂದು ನಾನು ನಂಬುವುದಿಲ್ಲ. ವಿನಾಯಿತಿ ಇರುವುದು ಮುದ್ರೆಗೆ, 14 ಕ್ಯಾರೆಟನ್ನು 22 ಎಂದು ಮಾರುವುದಕ್ಕಲ್ಲ. ಆದರೂ ಮುದ್ರೆ ಇಲ್ಲದ್ದರ ನಷ್ಟ ಇಲ್ಲೇ ತಿಳಿಯುವುದು. ಹಾಲ್‌ಮಾರ್ಕ್ ಇದ್ದ ಒಡವೆಯ ಶುದ್ಧತೆ ಕಡಿಮೆ ಬಂದರೆ 2018ರ ಬಿಐಎಸ್ ನಿಯಮಗಳ ಪ್ರಕಾರ ವ್ಯತ್ಯಾಸದ ಎರಡರಷ್ಟು ಪರಿಹಾರ, ಪರೀಕ್ಷೆಯ ಖರ್ಚು ಎರಡೂ ಸಿಗಬೇಕು. ನನಗೆ ಆ ದಾರಿ ಇರಲಿಲ್ಲ. ಕೈಯಲ್ಲಿದ್ದದ್ದು ‘22 ಕ್ಯಾರೆಟ್, ಡಾಲರ್ ಸಹಿತ’ ಎಂಬ ಬಿಲ್ಲು ಮಾತ್ರ. ಎಡವಿಸಿದ ಆ ಸಾಲೇ ಕೊನೆಗೆ ಆಸರೆಯಾಯಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷದ ಗಡುವು ಇನ್ನೂ ಮುಗಿದಿಲ್ಲ ಎಂದು ಅಂಗಡಿಯವರಿಗೆ ನೆನಪಿಸಿದೆ. ಎರಡು ತಿಂಗಳು ಅಲೆದ ಮೇಲೆ ಮಾವಿನಕಾಯಿ ಮತ್ತು ವೀಣೆಯನ್ನು ಹಿಂದಕ್ಕೆ ಪಡೆದು, ಕೊಂಡ ದಿನದ ದರದಲ್ಲಿ ದುಡ್ಡು ಕೊಟ್ಟರು. ಮಜೂರಿ ಹೋಯಿತು. ಬಿಸಿ ತಾಗಿ ಹಾಳಾಗಿದೆ ಎಂಬ ನೆಪದಲ್ಲಿ ಆನೆಯನ್ನು ಮುಟ್ಟಲೇ ಇಲ್ಲ.

ಇಂಥ ಸರ ಕೊಳ್ಳುವವರು ಒಂದೊಂದು ಡಾಲರ್‌ಗೂ ಬೇರೆ ಸಾಲು, ಬೇರೆ ತೂಕ, ಬೇರೆ ಕ್ಯಾರೆಟ್ ಬರೆಸಿಕೊಳ್ಳಿ. ಕಲ್ಲು, ಅರಗು ಇದ್ದರೆ ಅದರ ತೂಕ ಕಳೆದು ಬರೆಯಲಿ. ಐದು ಚಿಕ್ಕವುಗಳ ಬದಲು ಎರಡು ಗ್ರಾಂ ದಾಟಿದ ಎರಡು ಸಾಕು, ಎರಡರ ಮೇಲೂ ಎಚ್‌ಯುಐಡಿ ನೋಡಿ. ತಾಳಿಸರದ ಗುಂಡು, ಲಕ್ಷ್ಮಿ ಕಾಸುಗಳಿಗೂ ಇದೇ ಮಾತು, ಅವೂ ಎರಡು ಗ್ರಾಮಿನ ಒಳಗೇ ಇರುವುದು ಹೆಚ್ಚು. ಡಾಲರ್ ಕೊಂಡಿಗಳಿಗೆ ಬೆಸುಗೆ ಬಿದ್ದಿದೆಯೇ ಎಂದು ಉಗುರಿನಿಂದ ತಡಕಿ, ವರ್ಷಕ್ಕೊಮ್ಮೆ ಆಚಾರರಿಗೆ ತೋರಿಸಿ. ಮುತ್ತು, ಹವಳ ಪೋಣಿಸಿದ್ದರೆ ಹುಣಸೆಹಣ್ಣು, ನಿಂಬೆರಸ ಹತ್ತಿರಕ್ಕೂ ಬೇಡ, ಹುಳಿಗೆ ಅವು ಕರಗುತ್ತವೆ. ಮಲಗುವಾಗ ಬಿಚ್ಚಿಡಿ.

ಮಗಳು ಈಗ ‘ಮ’ ಮತ್ತು ಗೆಜ್ಜೆಯನ್ನಷ್ಟೇ ಹಾಕಿಕೊಳ್ಳುತ್ತಾಳೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ. ನಮ್ಮದು ಹೊಟ್ಟೆ ಬರಿದಾಗಿ, ಬೀರುವಿನ ಡಬ್ಬಿಯಲ್ಲಿ ಆ ವರದಿಯ ಮಡಿಕೆಯೊಳಗೆ ಮಲಗಿದೆ. ಆಚಾರ್ ತೂಗಿ ಬೆಲೆ ಹೇಳಲು ಸಿದ್ಧರಿದ್ದಾರೆ, ನಾನೇ ಇನ್ನೂ ಕೇಳಿಲ್ಲ.