ಜೇಷ್ಠಮಧು, ಬಾಕುಚಿ ಇರುವ ಸೀರಮ್: ಕಲೆಗೆ ಸರಿ, ಬೆಳ್ಳಗಾಗಲು ಅಲ್ಲ

ಮೊಡವೆ ಹೋದ ಮೇಲೆ ಕೆನ್ನೆಯಲ್ಲಿ ಉಳಿದ ಕಂದು ಕಲೆಗಳಿಗಾಗಿ ಈ ಸೀರಮ್ ತೆಗೆದುಕೊಂಡೆ. ಬಾಟಲಿ ಮೇಲೆ ‘ಗಿಡಮೂಲಿಕೆಯಿಂದ ಬಿಳಿ ತ್ವಚೆ’ ಎಂದಿದೆ. ಆ ಮಾತು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಹುಟ್ಟಿನಿಂದ ಬಂದ ಬಣ್ಣ ಕಾಯಿಲೆಯಲ್ಲ, ಅಲ್ವಾ?

ಆದರೆ ಒಳಗಿರುವ ಸಾಮಾನು ಒಳ್ಳೆಯದೇ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಜೇಷ್ಠಮಧುವಿನ ಬೇರಿನಲ್ಲಿರುವ ಗ್ಲಾಬ್ರಿಡಿನ್ ಅದನ್ನು ತಡೆಯುತ್ತದೆ. ನನ್ನ ಕಲೆಗಳು ನಿಧಾನವಾಗಿ ತಿಳಿಯಾದವು. ಮುಖದ ಬಣ್ಣ ಮೊದಲಿನಂತೆಯೇ ಇದೆ. ನನಗೆ ಬೇಕಾಗಿದ್ದೂ ಅಷ್ಟೇ.

ಸುಕ್ಕಿಗೆ ಬಾಕುಚಿ ಬೀಜದ ಬಾಕುಚಿಯೋಲ್ ಇದೆ. 2019ರಲ್ಲಿ ಪ್ರಕಟವಾದ, 44 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ ಇದು ಸುಕ್ಕಿಗೆ ಹಚ್ಚುವ ವಿಟಮಿನ್ ಎ ರೂಪವಾದ ರೆಟಿನಾಲ್‌ನಷ್ಟೇ ಕೆಲಸ ಮಾಡಿತ್ತು. ಚರ್ಮ ಸುಲಿಯುವುದು, ಚುರುಗುಟ್ಟುವುದು ರೆಟಿನಾಲ್ ಹಚ್ಚಿದವರಿಗೇ ಜಾಸ್ತಿ. ಅಲ್ಲಿ ಬಳಸಿದ್ದು ಶೇ 0.5 ಬಾಕುಚಿಯೋಲ್ ಇರುವ ಕ್ರೀಮ್. ಈ ಬಾಟಲಿಯಲ್ಲಿ ಎಷ್ಟಿದೆ ಎಂದು ಬರೆದೇ ಇಲ್ಲ! ಸುಮ್ನೆ ಗಿಡದ ಹೆಸರು ಹಾಕಿದರೆ ಸಾಕೇ? ಕಣ್ಣಂಚಿನ ಗೆರೆಗಳಲ್ಲಿ ನನಗಂತೂ ವ್ಯತ್ಯಾಸ ಕಾಣಲಿಲ್ಲ.

ಲ್ಯಾವೆಂಡರ್ ಎಣ್ಣೆಯ ಘಾಟು ಬೇರೆ. ಸೂಕ್ಷ್ಮ ಚರ್ಮದವರು ಮೊದಲು ಮೊಣಕೈ ಒಳಬದಿಗೆ ಹಚ್ಚಿ ನೋಡಿ. ಹಗಲು ಸನ್‌ಸ್ಕ್ರೀನ್ ಬಿಡಬೇಡಿ, ಬಿಸಿಲಿಗೆ ಕಲೆ ಮತ್ತೆ ಗಾಢವಾಗುತ್ತದೆ. ಪ್ರಮಾಣ ನಮೂದಿಸಿದ, ವಾಸನೆಯಿಲ್ಲದ ಸೀರಮ್ ಸಿಕ್ಕರೆ ನಾನು ಅದಕ್ಕೆ ಬದಲಾಗುತ್ತೇನೆ.