ಮಡಿಯಲ್ಲಿಟ್ಟ ಹಾರ್ಟ್ ರೇಟ್ ಬೆಲ್ಟ್: ಹದಿನಾರು ತಿಂಗಳ ಬಳಕೆಯ ನಂತರ

ಮೊದಲೇ ಹೇಳಿಬಿಡುತ್ತೇನೆ, ನಾನು ಓಟಗಾರನಲ್ಲ. ವಯಸ್ಸು 54, ದಿನಕ್ಕೊಂದು ಬಿ.ಪಿ. ಗುಳಿಗೆ, ಭೋಸರಿಯ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದ ಕೆಲಸ, ಪುಣೆಯ ಕೋಥ್ರೂಡ್‌ನಲ್ಲಿ ಮನೆ. ಮುಂಜಾನೆ ವೇತಾಳ ಟೇಕಡಿ ಎಂಬ ಗುಡ್ಡ ಹತ್ತಿ ಇಳಿಯುವುದಷ್ಟೇ ನನ್ನ ವ್ಯಾಯಾಮ. "ಎದೆಬಡಿತ 130 ದಾಟಿತೋ, ನಿಂತುಬಿಡಿ. ಇಳಿದ ಮೇಲೆ ಮತ್ತೆ ಹತ್ತಿ" ಎಂದು ಡಾಕ್ಟರು ಹೇಳಿದ್ದಕ್ಕೆ ಈ ಬೆಲ್ಟ್ ಮನೆಗೆ ಬಂತು.

ಮಗಳು ಕೊಡಿಸಿದ ಸ್ಮಾರ್ಟ್ ವಾಚ್ ಕೈಯಲ್ಲಿತ್ತು. ಅದು ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು, ನೆತ್ತರ ಏರಿಳಿತ ನೋಡಿ ಲೆಕ್ಕ ಹಾಕುತ್ತದೆ. ಕುರ್ಚಿಯಲ್ಲಿ ಕೂತವನಿಗೆ ಸಾಕು. ಕೋಲು ಹಿಡಿದು ಏರು ಹತ್ತುವಾಗ ಮುಷ್ಟಿ ಬಿಗಿಯಾಗಿ, ಕೈ ಅಲ್ಲಾಡಿ, ಅದು ಹೇಳುವ ಸಂಖ್ಯೆ ನನ್ನ ಏದುಸಿರಿಗಿಂತ ಅರ್ಧ ನಿಮಿಷ ಹಿಂದೆ ಇರುತ್ತಿತ್ತು. ನಾನು ನಿಂತು ಸುಧಾರಿಸಿಕೊಂಡ ಮೇಲೆ ಅದು "138" ಎಂದು ಗಾಬರಿ ಬೀಳುತ್ತಿತ್ತು. ಎದೆಗೆ ಕಟ್ಟುವ ಬೆಲ್ಟ್ ಹಾಗಲ್ಲ, ಹೃದಯದ ವಿದ್ಯುತ್ ಮಿಡಿತವನ್ನೇ ನೇರ ಹಿಡಿಯುತ್ತದೆ. ಎದೆಯ ಚರ್ಮದ ಮೇಲೆ ಆ ಮಿಡಿತ ಹೆಚ್ಚೂಕಡಿಮೆ ಒಂದು ಮಿಲಿವೋಲ್ಟ್. ಬ್ಲೂಟೂತ್, ಆ್ಯಪ್, ಬಣ್ಣ ಎಲ್ಲ ಡಬ್ಬಿಯ ಮೇಲೇ ಇದೆ, ಓದಿಕೊಳ್ಳಿ. ನಾನು ಕೊಟ್ಟದ್ದು 5,400 ರೂಪಾಯಿ.

ಕೊಂಡದ್ದು ಸೆಪ್ಟೆಂಬರಿನಲ್ಲಿ. ಮಳೆ ಇನ್ನೂ ಬಿಟ್ಟಿರಲಿಲ್ಲ. ಮೂರು ತಿಂಗಳು ಚಿನ್ನದಂಥ ಕೆಲಸ. ಇವರ ಬಗ್ಗೆ ಎರಡು ಒಳ್ಳೆಯ ಮಾತು ಬರೆಯಬೇಕು ಅಂದುಕೊಂಡೆ, ಬರೆಯಲಿಲ್ಲ. ಬರೆಯದಿದ್ದದ್ದೇ ಒಳ್ಳೆಯದಾಯಿತು.

ಡಿಸೆಂಬರ್ ಮೊದಲ ವಾರ. ಪುಣೆಯ ಚಳಿಗಾಲದ ಗಾಳಿ ಗೊತ್ತಲ್ಲ, ತುಟಿ ಒಡೆಯುತ್ತದೆ, ಬಾಗಿಲ ಚಿಲಕ ಮುಟ್ಟಿದರೆ ಚುರುಕ್ ಅನ್ನುತ್ತದೆ. ಮನೆಯಿಂದ ಹೊರಟು ಇನ್ನೂ ಟೇಕಡಿಯ ಬುಡ ಮುಟ್ಟಿಲ್ಲ, ಸಪಾಟು ರಸ್ತೆ, ಬೆಲ್ಟಿನ ಲೆಕ್ಕ ಕಾಣಿಸುವ ವಾಚ್ ನೋಡಿದರೆ 212. ವಯಸ್ಸನ್ನು 220ರಲ್ಲಿ ಕಳೆದರೆ ಎದೆಬಡಿತದ ಗರಿಷ್ಠ ಮಿತಿ ಅನ್ನುತ್ತಾರೆ, ನನಗೆ ಬರುವುದೇ 166. ಇದು 212 ಅನ್ನುತ್ತಿದೆ. ಕಾಲಲ್ಲಿ ಶಕ್ತಿ ಹೋಯಿತು. ರಸ್ತೆ ಬದಿಯ ಕಟ್ಟೆಯ ಮೇಲೆ ಕೂತೆ. ನಾಯಿ ತಿರುಗಾಡಿಸುತ್ತಿದ್ದ ಕಾಕಾ ಒಬ್ಬರು ನೀರು ಕೊಟ್ಟು, ರಿಕ್ಷಾ ಕರೆದು ಕೂರಿಸಿದರು. ನಾನು ಸೀದಾ ಆಸ್ಪತ್ರೆಗೆ.

ಇ.ಸಿ.ಜಿ. ಏನೂ ಇಲ್ಲ ಅಂದಿತು. 78. ಅದೂ ಹೆದರಿಕೆಯ 78.

ಆದರೆ ಆ ಮಂಚದ ಮೇಲೆ ಮಲಗಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ವೈರು ಅಂಟಿಸುವ ಮೊದಲು ಆ ಹುಡುಗಿ ಪ್ರತಿ ಜಾಗಕ್ಕೂ ತಣ್ಣಗಿನ ಜೆಲ್ ಹಚ್ಚಿದಳು. "ಯಾಕಮ್ಮಾ ಇದು?" ಎಂದೆ. "ಒಣ ಚರ್ಮದ ಮೇಲೆ ಹಿಡಿಯೋದಿಲ್ಲ ಅಂಕಲ್." ಅಷ್ಟೇ ಹೇಳಿದಳು. ನನ್ನ ಬೆಲ್ಟಿನ ಒಳಗಡೆ ಅಂಗೈ ಉದ್ದದ ಎರಡು ಬೂದು ಪಟ್ಟಿಗಳಿವೆ. ಮೂರು ತಿಂಗಳಿಂದ ಅವನ್ನು ಒಣಗಿದ್ದಂತೆಯೇ ಕಟ್ಟಿಕೊಳ್ಳುತ್ತಿದ್ದೆ. ಮಳೆಗಾಲದ ಬೆವರು ನನ್ನ ತಪ್ಪು ಮುಚ್ಚಿಹಾಕಿತ್ತು. ಡಿಸೆಂಬರಿನಲ್ಲಿ ಬೆವರಿಲ್ಲ, ಮೇಲೆ ಪಾಲಿಯೆಸ್ಟರ್ ಟಿ-ಶರ್ಟು ಎದೆಗೆ ಉಜ್ಜಿ ಉಜ್ಜಿ ಸ್ಥಾಯಿ ವಿದ್ಯುತ್ತು. ಆ ಪಟಪಟವನ್ನೇ ಬೆಲ್ಟ್ ನನ್ನ ಹೃದಯ ಎಂದು ಎಣಿಸಿತ್ತು.

ಮನೆಗೆ ಬಂದು ಓದಿದೆ. ಇ.ಸಿ.ಜಿ. ಯಂತ್ರವನ್ನು ರೂಪಿಸಿ 1924ರಲ್ಲಿ ನೊಬೆಲ್ ಪಡೆದ ಡಚ್ ವಿಜ್ಞಾನಿ ಐನ್‌ಥೋವನ್ ರೋಗಿಗಳ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಳಿಬಿಡಿಸುತ್ತಿದ್ದನಂತೆ. ಇನ್ನೂರೈವತ್ತು ಕಿಲೋ ಮೀರಿದ ಯಂತ್ರ, ನಡೆಸಲಿಕ್ಕೆ ಐದು ಜನ. ಅಂಥದ್ದೇ ಕೆಲಸ ಇವತ್ತು ನನ್ನ ಎದೆಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟಗಲದ ಬ್ಯಾಟರಿಯಿಂದ ನಡೆಯುತ್ತಿದೆ. ಆದರೆ ನೀರಿನ ಹಂಗು ಮಾತ್ರ ತಪ್ಪಿಲ್ಲ.

ಅಲ್ಲಿಂದ ಶುರುವಾಯಿತು ಬೆಳಗಿನ ಕ್ರಮ. ಐದೂವರೆಗೆ ಬಚ್ಚಲ ನಲ್ಲಿಯ ಕೆಳಗೆ ಎರಡೂ ಬೂದು ಪಟ್ಟಿ ಹಿಡಿಯುವುದು, ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೀರು ಒಳಗಿಳಿಸುವುದು, ಜಾಡಿಸುವುದು, ಎದೆಗೂಡಿನ ಕೆಳಗೆ ಬಿಗಿಯಾಗಿ ಸುತ್ತುವುದು. ಚಳಿಗಾಲದ ಆ ತಣ್ಣೀರು ಎದೆಗೆ ತಾಗಿದಾಗ ಬಾಯಿಂದ ತಾನಾಗಿ "ನಾರಾಯಣ" ಬರುತ್ತದೆ. ಆಮೇಲೆ ಸೆನ್ಸರಿನ ಬಿಲ್ಲೆಯನ್ನು ಎರಡು ಟಿಚ್ ಬಟನ್‌ಗೆ ಒತ್ತುವುದು. ಟಕ್, ಟಕ್. ಹತ್ತು ಸೆಕೆಂಡಿನಲ್ಲಿ ವಾಚಿನ ಮೇಲೆ 71. ಆ 71 ನೋಡಿದ ಮೇಲೇ ನನಗೆ ಬೆಳಗಾಗುವುದು.

ಜನಿವಾರ ಇರುವವರಿಗೆ ಒಂದು ಮಾತು, ಇದನ್ನು ಯಾವ ವಿಮರ್ಶೆಯಲ್ಲೂ ಕಾಣಲಿಲ್ಲ. ಎಳೆ ಬೂದು ಪಟ್ಟಿಯ ಕೆಳಗೆ ಸಿಕ್ಕಿಕೊಂಡರೆ ಆ ಜಾಗದಲ್ಲಿ ಬಟ್ಟೆ ಚರ್ಮದಿಂದ ಎತ್ತಿ ನಿಲ್ಲುತ್ತದೆ, ಸಂಖ್ಯೆ ಕುಣಿಯುತ್ತದೆ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಈಗ ಜನಿವಾರವನ್ನು ಮಾಲೆಯಂತೆ ಕೊರಳಿಗೆ ಹಾಕಿ, ಬೆಲ್ಟಿನ ಮೇಲೆ ಬರುವಂತೆ ಬಿಟ್ಟುಕೊಳ್ಳುತ್ತೇನೆ.

ಸೈಕಲ್ ಓಡಿಸುವ ಹುಡುಗರು ನೀರಿನ ಬದಲು ನಾಲಿಗೆಯಿಂದ ಸವರಿಕೊಳ್ಳುತ್ತಾರೆ ಎಂದು ಎಲ್ಲೋ ಕೇಳಿದ್ದೆ. ಒಂದು ದಿನ ನಲ್ಲಿ ಬರಲಿಲ್ಲ, ನಾನೂ ಹಾಗೇ ಮಾಡಿದೆ. ದೇವರ ಕೋಣೆಯಿಂದ ಹೊರಬಂದ ಅವ್ವ ನೋಡಿಬಿಟ್ಟಳು.

"ಏನೋ ಅದು? ಎಂಜಲಾ ಹಚ್ಚಿ ಎದಿಗೆ ಕಟ್ಕೋತೀ? ಜನಿವಾರದ ಸಂಗತೀಲೆ?"

ಅವ್ವನಿಗೆ 80 ದಾಟಿದೆ, ಧಾರವಾಡದಿಂದ ಬರುವಾಗ ತನ್ನ ಮಡಿಯನ್ನು ಹಾಸಿಗೆಯ ಜೊತೆ ಸುತ್ತಿಕೊಂಡೇ ಬಂದವಳು. ಆ ದಿನ ಬೆಲ್ಟಿಗೂ ನನಗೂ ಮತ್ತೊಂದು ಸ್ನಾನವಾಯಿತು. ಉಪ್ಪುನೀರನ್ನೂ ಒಂದು ವಾರ ಪ್ರಯತ್ನಿಸಿ ಬಿಟ್ಟೆ. ಹಿಡಿಯುವುದೇನೋ ಚೆನ್ನಾಗಿ ಹಿಡಿಯುತ್ತದೆ, ಆದರೆ ಉಪ್ಪಿಗೂ ಬೆಳ್ಳಿಗೂ ಆಗಿಬರುವುದಿಲ್ಲ.

ಹೌದು, ಬೆಳ್ಳಿ. ಈ ವಸ್ತುವಿನ ಗುಟ್ಟೇ ಅದು. ಕಾರ್ಖಾನೆಯ ಮಲ್ಟಿಮೀಟರ್ ತಂದು ಕೊಂಡ ವಾರವೇ ಅಳೆದಿದ್ದೆ. ಯಾವ ವಸ್ತು ಬಂದರೂ ಮೊದಲು ಅಳೆದು ಡೈರಿಯಲ್ಲಿ ಬರೆಯುವುದು ನನ್ನ ಹುದ್ದೆಯ ರೋಗ. ಬೆಲ್ಟಿನ ಕಪ್ಪು ಭಾಗದಲ್ಲಿ ಮೀಟರಿನ ವೈರಿನ ಮುಳ್ಳು ಚುಚ್ಚಿದರೆ ಮೀಟರ್ ಮಿಸುಕುವುದಿಲ್ಲ. ಅದು ಬರೀ ನೈಲಾನ್. 1935ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ಕ್ಯಾರಥರ್ಸ್ ಎಂಬ ವಿಜ್ಞಾನಿ ಕಂಡುಹಿಡಿದ, ಮೊದಲಿಗೆ ಹಲ್ಲುಜ್ಜುವ ಬ್ರಷ್ಷಿನ ಕೂದಲಾಗಿ ಮಾರುಕಟ್ಟೆಗೆ ಬಂದ ಅದೇ ನೈಲಾನ್, ವಿದ್ಯುತ್ತಿಗೆ ಗೋಡೆ ಇದ್ದ ಹಾಗೆ. ಅದೇ ಮುಳ್ಳು ಬೂದು ಪಟ್ಟಿಯ ಮೇಲಿಟ್ಟರೆ ಟಿಚ್ ಬಟನ್‌ವರೆಗೆ 3 ಓಮ್. ಓಮ್ ಎಂದರೆ ವಿದ್ಯುತ್ತಿಗೆ ಆಗುವ ಅಡ್ಡಿಯ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ಅದೂ ನೈಲಾನೇ, ಆದರೆ ಒಂದೊಂದು ಎಳೆಗೂ ಬೆಳ್ಳಿಯ ಲೇಪ. ನಮ್ಮ ಮೈಕ್ರೋಮೀಟರಿನ ಹಿಡಿತಕ್ಕೆ ಸಿಗದಷ್ಟು ತೆಳ್ಳಗಿನ ಲೇಪ. ದಾರ ದಾರದ ಹಾಗೇ ಬಾಗುತ್ತದೆ, ತಂತಿಯ ಹಾಗೆ ಕೆಲಸ ಮಾಡುತ್ತದೆ. ಯೋಚಿಸಿದರೆ ಈಗಲೂ ಖುಷಿಯಾಗುತ್ತದೆ.

ಈ ಜಾತಿಯ ಬೆಲ್ಟುಗಳ ಹಿರಿಯಜ್ಜ ಫಿನ್ಲೆಂಡಿನ ಪೋಲಾರ್ ಕಂಪನಿ, 1977ರಲ್ಲಿ ಶುರುವಾದದ್ದು, ಹಿಮದಲ್ಲಿ ಸ್ಕೀ ಮಾಡುವವರಿಗಾಗಿ ಹುಟ್ಟಿದ ಯೋಚನೆ. ನನ್ನದು ಅವರದಲ್ಲ. ಯಾರದೆಂದು ಹೇಳುವುದಿಲ್ಲ, ಜಗಳ ಇನ್ನೂ ಮುಗಿದಿಲ್ಲ.

ಜಗಳಕ್ಕೆ ಮೊದಲು ಸುಖದ ಮಾತು. 130 ದಾಟದಂತೆ ನೋಡಿಕೊಳ್ಳಲು ಕೊಂಡ ವಸ್ತುವಿನಲ್ಲಿ ನನಗೆ ರುಚಿ ಹತ್ತಿದ್ದು ಏರುವ ಸಂಖ್ಯೆಯಲ್ಲ, ಇಳಿಯುವ ಸಂಖ್ಯೆ. ಟೇಕಡಿಯ ಮೂರನೇ ತಿರುವಿನಲ್ಲಿ ಒಂದು ಬಂಡೆ ಇದೆ. ಅಲ್ಲಿಗೆ ಬರುವಷ್ಟರಲ್ಲಿ ಸರಿಯಾಗಿ 130 ಮುಟ್ಟುತ್ತದೆ. ಕೋಲೂರಿ ನಿಲ್ಲುತ್ತೇನೆ. ಗಣಿಯ ಕಡೆಯಿಂದ ನವಿಲು ಕೂಗುತ್ತಿರುತ್ತದೆ. 130, 127, 121... 100ಕ್ಕೆ ಇಳಿಯಲು ಎಷ್ಟು ಹೊತ್ತು ಎಂದು ಎಣಿಸುವುದು. ಮೊದಲ ಡಿಸೆಂಬರಿನಲ್ಲಿ 2 ನಿಮಿಷ 20 ಸೆಕೆಂಡ್. ಹೋಳಿಯ ಹೊತ್ತಿಗೆ 1 ನಿಮಿಷ 50. ಗಣಪತಿ ಹಬ್ಬಕ್ಕೆ 1 ನಿಮಿಷ 15. ಪ್ರಮೋಷನ್ ಪತ್ರವನ್ನೂ ನಾನು ಇಷ್ಟು ಸಲ ತೆಗೆದು ನೋಡಿಲ್ಲ. ಡಾಕ್ಟರಿಗೆ ತೋರಿಸಿದೆ, ಡೈರಿ ತಿರುವಿಹಾಕಿ "ಚೆನ್ನಾಗಿದೆ" ಎಂದರು, ಗುಳಿಗೆ ಮಾತ್ರ ಕಡಿಮೆ ಮಾಡಲಿಲ್ಲ.

ಒಂದು ಭಾನುವಾರ ಧೈರ್ಯ ಮಾಡಿ ಸಿಂಹಗಡ ಕೋಟೆಗೂ ಕಟ್ಟಿಕೊಂಡು ಹೋದೆ. ಸಮುದ್ರಮಟ್ಟದಿಂದ 1,312 ಮೀಟರ್. ಕೆಳಗಿನ ಆತಕರವಾಡಿಯಿಂದ ನಡೆದು ಹತ್ತಿದರೆ ನನ್ನಂಥವನಿಗೆ ಇಪ್ಪತ್ತು ಸಲ ನಿಲ್ಲುವ ದಾರಿ. ಬೆಲ್ಟ್ ಒಮ್ಮೆಯೂ ತಪ್ಪಲಿಲ್ಲ. ಮೇಲೆ ಪಿಠಲೆ-ಭಾಕ್ರಿ, ಅಂದರೆ ನಮ್ಮ ಝುಣಕ-ರೊಟ್ಟಿಯ ಷಡ್ಡಕ, ಮತ್ತು ಎರಡು ಕುಡಿಕೆ ಮೊಸರು ಹೊಡೆದು ಕೂತ ಮೇಲೆ ಅರ್ಧ ಗಂಟೆಯಾದರೂ 98ರ ಕೆಳಗೆ ಇಳಿಯಲಿಲ್ಲ. ಹೊಟ್ಟೆಗೂ ಏರು ಇರುತ್ತದೆ ಎಂದು ಆವತ್ತು ಗೊತ್ತಾಯಿತು.

ಈಗ ಜಗಳ.

ಹತ್ತನೇ ತಿಂಗಳಲ್ಲಿ ಮತ್ತೆ ಅಳೆದೆ. ಬಲಗಡೆ 4 ಓಮ್, ಎಡಗಡೆ 11. ಬಟ್ಟೆಯ ನಡುವೆ ಎಲ್ಲಿ ಅಳೆದರೂ ಚೆನ್ನಾಗಿದೆ, ಟಿಚ್ ಬಟನ್ ಸುತ್ತ ಮಾತ್ರ ಕೆಟ್ಟಿದೆ. ಭೂತಗನ್ನಡಿಯಲ್ಲಿ ನೋಡಿದರೆ ಎಳೆಗಳ ಮೇಲಿನ ಬೂದು ಹೋಗಿ ನೈಲಾನಿನ ಬಿಳುಪು ಇಣುಕುತ್ತಿತ್ತು. ಬಿಲ್ಲೆಯನ್ನು ದಿನಾ ಎಡಗಡೆಯಿಂದ ಕಿತ್ತೇ ತೆಗೆಯುತ್ತಿದ್ದೆ, ಆ ಎಳೆತವೆಲ್ಲ ಅಲ್ಲೇ ಬಿದ್ದಿದೆ. ತೆಗೆಯದೆ ಬಿಡುವ ಹಾಗಿಲ್ಲ. ಒದ್ದೆ ಬೆಲ್ಟಿಗೆ ಕಚ್ಚಿಕೊಂಡಿದ್ದರೆ ಬಿಲ್ಲೆ ಇನ್ನೂ ಎದೆಯ ಮೇಲೇ ಇದ್ದೇನೆಂದು ತಿಳಿದು ಎಚ್ಚರವಾಗಿರುತ್ತದೆ, ಬ್ಯಾಟರಿ ಖಾಲಿ. ತೆಗೆದರೆ ಬಟ್ಟೆ ಹರಿಯುತ್ತದೆ, ಬಿಟ್ಟರೆ ಬ್ಯಾಟರಿ ಸಾಯುತ್ತದೆ. ಆ ಬಟನ್ ಹಿಂದೆ ಒಂದು ತುಂಡು ಗಟ್ಟಿ ಬಟ್ಟೆ ಕೊಟ್ಟು ಹೊಲಿಯಲು ಎಷ್ಟು ಖರ್ಚಾದೀತು? ನಮ್ಮ ಲೇನಿನ ಟೇಲರ್ ಹತ್ತು ರೂಪಾಯಿಗೆ ಮಾಡಿಕೊಡುತ್ತಾನೆ.

ನವೆಂಬರಿನಲ್ಲಿ ಕೊನೆಯ ಪೆಟ್ಟು. ತಪ್ಪು ನನ್ನದೇ, ಸುಳ್ಳು ಹೇಳುವುದಿಲ್ಲ. ಬಿಲ್ಲೆ ತೆಗೆದಿಟ್ಟು ಬೆಲ್ಟನ್ನು ಟ್ರ್ಯಾಕ್ ಪ್ಯಾಂಟಿನ ಜೇಬಿನಲ್ಲಿ ಮರೆತೆ, ಹೆಂಡತಿ ಪ್ಯಾಂಟನ್ನು ಮಷೀನಿಗೆ ಹಾಕಿದಳು, ಬಟ್ಟೆ ಮೆತ್ತಗಾಗುವ ಆ ಪರಿಮಳದ ದ್ರಾವಣವನ್ನೂ ಸುರಿದಳು. ಹೊರಬಂದ ಬೆಲ್ಟ್ ಮಲ್ಲಿಗೆಯಂತೆ ಘಮಘಮ, ಎಡಗಡೆ 400 ಓಮ್ ಮೇಲೆ. ಆ ದ್ರಾವಣ ಎಳೆಯ ಮೇಲೆ ಪದರವಾಗಿ ಕೂರುತ್ತದೆ. ಬರೀ ನೀರಿನಲ್ಲಿ ನಾಲ್ಕು ಸಲ ಜಾಲಾಡಿಸಿದೆ, ಸ್ವಲ್ಪ ಇಳಿಯಿತು, ಜೀವ ಬರಲಿಲ್ಲ.

"ನೋಡ್ರಿಲ್ಲೆ, ಐದು ಸಾವಿರದ ಸಾಮಾನು ಅಂತ ನನಗ್ಯಾರು ಹೇಳ್ಯಾರ? ನೋಡಿದ್ರ ಹಳೇ ಬ್ಯಾಂಡೇಜ್ ಇದ್ದಂಗ ಐತಿ," ಎಂದಳು. ಮಾತು ಸರಿಯಾಗಿಯೇ ಇತ್ತು.

ಕಂಪನಿಗೆ ಬರೆದೆ. ಬಿಲ್ಲೆಗೆ ಎರಡು ವರ್ಷ ಗ್ಯಾರಂಟಿ, ಬಟ್ಟೆಯ ಪಟ್ಟಿ "ಸವೆಯುವ ಭಾಗ", ಗ್ಯಾರಂಟಿ ಇಲ್ಲ ಎಂದು ಉತ್ತರ ಬಂತು. ಮಷೀನ್ ಸಂಗತಿ ಬಿಡಿ, ಹತ್ತನೇ ತಿಂಗಳಿನ 11 ಓಮ್ ಲೆಕ್ಕ ಕೊಡಿ ಎಂದು ಡೈರಿಯ ಫೋಟೊ ಕಳಿಸಿದೆ. ಅದಕ್ಕೆ ಉತ್ತರ ಇನ್ನೂ ಬರಬೇಕು. ನನ್ನ ಸಿಟ್ಟು ಇಷ್ಟೇ. ಡಬ್ಬಿಯ ತುಂಬ ಸೆನ್ಸರಿನ ಬಣ್ಣನೆ, ಮಾರುವುದು ಎಲೆಕ್ಟ್ರಾನಿಕ್ಸ್ ಎಂದು. ಬಿಲ್ಲೆಗೆ ಇಷ್ಟು ದಿನದಲ್ಲಿ ಒಂದು ಗೀರೂ ಆಗಿಲ್ಲ. ಸಾಯುವುದು ಬಟ್ಟೆ. ಬಟ್ಟೆಯನ್ನು ಹೇಗೆ ಒಗೆಯಬೇಕೆಂಬುದು ಮಾತ್ರ ಹಿಂಬದಿಯ ಉಗುರಿನಷ್ಟಗಲದ ಚೀಟಿಯಲ್ಲಿ, ಚಾಳೀಸು ಹಾಕಿದರೂ ಓದಲಾಗದ ಅಕ್ಷರದಲ್ಲಿ.

ಬರೀ ಪಟ್ಟಿಗೆ 1,950 ರೂಪಾಯಿ. ಜಿದ್ದಿಗೆ ಬಿದ್ದು 450ರ ಬೇರೆ ಪಟ್ಟಿ ತರಿಸಿದೆ. ವರ್ನಿಯರ್ ಹಚ್ಚಿ ನೋಡಿದರೆ ಬಟನ್‌ಗಳ ನಡುವಿನ ಅಂತರ 2 ಮಿ.ಮೀ. ಕಡಿಮೆ. ಕೂರಲಿಲ್ಲ. ಕೊನೆಗೆ ಅವರದೇ ಪಟ್ಟಿ ಕೊಂಡೆ. ವರ್ಷಕ್ಕೊಂದು ಪಟ್ಟಿ ಎಂದರೆ ತಿಂಗಳಿಗೆ 160 ರೂಪಾಯಿ ಚಿಲ್ಲರೆ. ನನ್ನಂತೆ ಡಾಕ್ಟರು ಗೆರೆ ಹಾಕಿಕೊಟ್ಟವರು ಆ ಲೆಕ್ಕ ಒಪ್ಪಿಕೊಂಡೇ ಕೊಳ್ಳಿ. ಬರೀ ಕುತೂಹಲಕ್ಕಾದರೆ ವಾಚ್ ಸಾಕು, ಉಳಿದ ದುಡ್ಡಿಗೆ ಒಳ್ಳೆಯ ಬೂಟು ಬರುತ್ತದೆ.

ಮುಂಬೈ ಬಳಿಯ ಡೊಂಬಿವಲಿಯಲ್ಲಿರುವ ತಮ್ಮನ ಹತ್ತಿರವೂ ಇದೇ ಇದೆ. ನೀರು ಹಚ್ಚುವ ನನ್ನ ಕಥೆ ಕೇಳಿ ನಕ್ಕ. "ಅಣ್ಣಾ, ಇಲ್ಲಿ ಸ್ಟೇಷನ್ ಮೆಟ್ಟಿಲ ಹತ್ತೂದ್ರಾಗ ತೊಯ್ದು ತಪ್ಪಡಿ ಆಗಿರ್ತೀವಿ. ನೀರು ಬ್ಯಾರೆ ಯಾಕ?" ಒಮ್ಮೆಯೂ 200 ತೋರಿಸಿಲ್ಲವಂತೆ. ಆದರೆ ಅವನು ಬೆವರಿನ ಬೆಲ್ಟನ್ನು ತೊಳೆಯದೆ ಬ್ಯಾಗಿನಲ್ಲಿ ತುರುಕುವವನು. ದೀಪಾವಳಿಗೆ ಬಂದಾಗ ನೋಡಿದೆ, ಬೂದು ಪಟ್ಟಿ ಹಳೆಯ ಬೆಳ್ಳಿ ಕುಂಕುಮದ ಬಟ್ಟಲಿನ ಹಾಗೆ ಕಪ್ಪಿಟ್ಟಿತ್ತು.

ಹೊಸ ಪಟ್ಟಿಗೆ ಈಗ ಎರಡು ತಿಂಗಳು. ಟಿಚ್ ಬಟನ್ ಹಿಂದೆ ಟೇಲರನಿಂದ ಕ್ಯಾನ್ವಾಸ್ ತುಂಡು ಹೊಲಿಸಿದ್ದೇನೆ. ಬಿಲ್ಲೆ ತೆಗೆಯುವಾಗ ಎರಡೂ ಹೆಬ್ಬೆರಳು ಇಟ್ಟು ಒಂದೊಂದೇ ಬಟನ್ ಬಿಡಿಸುತ್ತೇನೆ. ಟೇಕಡಿಯಿಂದ ಬಂದ ಕೂಡಲೇ ಬರೀ ನೀರಿನಲ್ಲಿ ತೊಳೆಯುವುದು, ವಾರಕ್ಕೊಮ್ಮೆ ಒಂದು ಹನಿ ಸೌಮ್ಯ ಸೋಪು, ಹಿಂಡದೆ ಟವೆಲಿನಲ್ಲಿ ಒತ್ತುವುದು, ನೆರಳಲ್ಲಿ ಒಣಗಿಸುವುದು, ಬೇರೆ ಬಟ್ಟೆಗೆ ತಾಗಿಸದಿರುವುದು. ಇಷ್ಟೂ ನಿಯಮವನ್ನು ಅವ್ವನಿಗೆ ಹೇಳಿದಾಗ ಅವಳಿಗೆ ಒಂದೂ ಹೊಸದೆನಿಸಲಿಲ್ಲ. ತನ್ನ ಪಟ್ಟೆ ಸೀರೆ ಹರವುವ ಗಳದ ಕೊನೆಯಲ್ಲಿ ಗೇಣು ಜಾಗ ಬಿಟ್ಟುಕೊಟ್ಟಳು. ಬೆಲ್ಟನ್ನು ಕೋಲಿನಿಂದಲೇ ಮೇಲೇರಿಸುತ್ತಾಳೆ. ಮೊನ್ನೆ ಮನೆಗೆಲಸದ ಹೆಂಗಸು ಒಣಗಿದ ಬಟ್ಟೆ ತೆಗೆಯುತ್ತ ಅದಕ್ಕೂ ಕೈ ಹಾಕಿದಳು. ಒಳಗಿನಿಂದ ಅವ್ವನ ಧಾರವಾಡದ ಮರಾಠಿ ಕೇಳಿಸಿತು: "ಹಾತ್ ಲಾವೂ ನಕೋಸ್, ಸೋವಳ್ಯಾತಲಂ ಆಹೆ!" ಮುಟ್ಟಬೇಡ, ಅದು ಮಡಿಯದು.